ಗೋಡೆಯ ಕೆಂಪು, ಗಾಳಿಯ ಕೆಂಪು

ಬಂಡ್ರಿಯಲ್ಲಿ ಕೋಳಿಗಳು ಕೂಗುವುದನ್ನು ಬಿಟ್ಟು ಬಹಳ ಕಾಲವಾಯಿತು. ಕೂಗಿದರೂ ಕೇಳುವವರು ಯಾರು? ಅದಿರಿನ ಲಾರಿಗಳು ಹಗಲು ರಾತ್ರಿ ಗುಡುಗುತ್ತ ಹೋಗುವ ಊರಿದು. ಅವನ್ನೆಲ್ಲ ಒಂದರ ಹಿಂದೊಂದು ನಿಲ್ಲಿಸಿದರೆ ಮುಂದಿನ ಲಾರಿ ಚೀನಾ ಮುಟ್ಟಿದಾಗ ಹಿಂದಿನದು ಇನ್ನೂ ಸಂಡೂರಿನಲ್ಲಿ ಡೀಸೆಲ್ ಹಾಕಿಸಿಕೊಳ್ಳುತ್ತಿರುತ್ತದೆ. ನಡುವೆ ಸಮುದ್ರ ಇದೆಯಲ್ಲ ಎಂದು ಯಾರೂ ತಕರಾರು ತೆಗೆಯಬಾರದು. ಸಮುದ್ರದ ಮೇಲೂ ಹಾರ್ನ್ ಹೊಡೆದು ಓವರ್‌ಟೇಕ್ ಮಾಡುವಂಥ ಡ್ರೈವರುಗಳು ಇವರು.

ಇಂಥ ಊರಲ್ಲಿ, ಮೂಡಣ ಇನ್ನೂ ಬೂದಿ ಬಣ್ಣದಲ್ಲಿರುವಾಗ, ಹುಲುಗಮ್ಮಜ್ಜಿಯ ಮಾಳಿಗೆಯ ಮೇಲೆ ಒಬ್ಬ ಹೆಣ್ಣುಮಗಳು ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಮೂಗು ಬಾಯಿ ಮುಚ್ಚುವಂತೆ ದುಪಟ್ಟಾ ಸುತ್ತಿಕೊಂಡಿದ್ದಾಳೆ. ಕೈಯಲ್ಲಿ ಸಣ್ಣ ಚಿಮಟ. ಎದುರಿಗೆ ಬೋರಲು ಹಾಕಿದ ಡಬ್ಬಿಯ ಮೇಲೆ ಒಂದು ದುಂಡನೆಯ ಕಾಗದ, ಅದಕ್ಕೆ ತೆಳ್ಳಗೆ ಸವರಿದ ವ್ಯಾಸಲೀನು. ಹೋದ ಸೋಮವಾರ ಇಟ್ಟಾಗ ಅದು ಹಾಲಿನಂತೆ ಬೆಳ್ಳಗಿತ್ತು. ಈಗ ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದ ಹಾಗಿದೆ. ಉಸಿರು ತಾಗಿ ಒಂದು ಕಣವೂ ಹಾರಬಾರದೆಂದು ಅವಳು ಉಸಿರು ಬಿಗಿಹಿಡಿದು ಕಾಗದವನ್ನು ಎತ್ತುತ್ತಾಳೆ. ಉಸಿರು ಹಿಡಿಯುವ ಪಂದ್ಯ ಇಟ್ಟರೆ ತುಂಗಭದ್ರೆಯ ಮೊಸಳೆಯೂ ಈಕೆಯ ಮುಂದೆ ಸೋತು ಮೇಲೆದ್ದು ಕೆಮ್ಮಬೇಕು.

“ಯಾರದು ಮಾಳಿಗಿ ಮ್ಯಾಲೆ?” ಕೆಳಗಿನಿಂದ ಹುಲುಗಮ್ಮಜ್ಜಿಯ ದನಿ.

“ನಾನಜ್ಜಿ, ಸುಕನ್ಯಾ.”

“ಬಂದೇನವ್ವಾ ಧೂಳಿನ ಕಳ್ಳಿ! ಲೇ, ಒಯ್ಯೋದಾದ್ರ ಅಷ್ಟೂ ಒಯ್ಯಿ. ಹಿಂಗ ಚಿಟಿಕಿ ಚಿಟಿಕಿ ಕದ್ದರ ಮುಗಿಯೋದು ಯಾವಾಗ?”

“ಅಷ್ಟೂ ಒಯ್ದರ ಗಣಿ ಸಾಹೇಬ್ರು ಹಡಗಿಗೆ ತುಂಬಿಬಿಡ್ತಾರಜ್ಜಿ.”

“ತುಂಬ್ಲಿ ಬಿಡು. ನನ್ನ ಮಾಳಿಗೀನೂ ಒಂದು ಗಣಿ ಅಂತ ನಾನೂ ಬೋರ್ಡ್ ಹಾಕಿಸ್ತೀನಿ!”

ಸುಕನ್ಯಾ ನಗುತ್ತಲೇ ಕಾಗದವನ್ನು ಪುಟ್ಟ ಡಬ್ಬಿಗೆ ಹಾಕಿ, ಹೊಸ ಬಿಳಿ ಕಾಗದ ಇಟ್ಟು, ಏಣಿ ಇಳಿಯುತ್ತಾರೆ. ಇನ್ನೂ ಕೆಲವು ಮಾಳಿಗೆಗಳನ್ನು ಹತ್ತಿಳಿಯಬೇಕು. ಆಮೇಲೆ ಸಂಡೂರಿನ ಬಸ್ಸು, ಅಲ್ಲಿಂದ ಹೊಸಪೇಟೆಯ ಬಸ್ಸು. ಆ ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಊರಿಗೆಲ್ಲ ಪೇಡೆ ಹಂಚುವುದಾಗಿ ಹೇಳಿಕೊಂಡಿದ್ದಾರೆ. ಈ ತನಕ ಯಾರೂ ಪೇಡೆ ತಿಂದಿಲ್ಲ.

ಹೊಸಪೇಟೆಯಲ್ಲಿ ಈಶ್ವರ್ ಎಂಬುವರು ನಡೆಸುವ ಅದಿರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಸುಕನ್ಯಾ ರಸಾಯನಶಾಸ್ತ್ರಜ್ಞೆ. ಗಣಿಗಾರಿಕೆಯ ಭರಾಟೆ ಎಷ್ಟಿದೆಯೆಂದರೆ ಬಾಗಿಲು ತೆಗೆಯುವ ಮುಂಚೆಯೇ ಅದಿರಿನ ಪೊಟ್ಟಣಗಳು ಮೆಟ್ಟಿಲ ಮೇಲೆ ಸಾಲಾಗಿ ಕಾದು ಕೂತಿರುತ್ತವೆ, ಮಠದ ದಾಸೋಹಕ್ಕೆ ಕೂತವರ ಹಾಗೆ. ಪ್ರತಿಯೊಂದನ್ನೂ ಹಿಟ್ಟಿನಂತೆ ಪುಡಿ ಮಾಡಬೇಕು, ಒತ್ತಿ ಬಿಲ್ಲೆ ಮಾಡಬೇಕು, ಎಕ್ಸ್‌ರೇ ಯಂತ್ರದ ಬಾಯಿಗೆ ಕೊಡಬೇಕು. ಯಂತ್ರ ಒಂದು ಗೆರೆ ಎಳೆಯುತ್ತದೆ. ಗೆರೆಯಲ್ಲಿ ಗುಡ್ಡಗಳು. ಕಬ್ಬಿಣಕ್ಕೊಂದು ಗುಡ್ಡ, ಮ್ಯಾಂಗನೀಸಿಗೊಂದು ಗುಡ್ಡ, ಮಣ್ಣಿನಂಶಕ್ಕೊಂದು. ಸಂಡೂರಿನ ಗುಡ್ಡಗಳನ್ನು ಜನ ಕರಗಿಸುತ್ತಿರುವ ಕಾಲದಲ್ಲಿ, ಹೊಸಪೇಟೆಯ ಒಂದು ಕೋಣೆಯಲ್ಲಿ ಹೊಸ ಗುಡ್ಡಗಳನ್ನು ಎಬ್ಬಿಸುವ ಕೆಲಸ ಇವರದು.

ಸಂಬಳದ ಕೆಲಸ ಅಷ್ಟೇ. ಧೂಳಿನದು ಇವರೇ ತಲೆ ಮೇಲೆ ಎಳೆದುಕೊಂಡದ್ದು. ಬೆಳಗಿನ ಪೊಟ್ಟಣಗಳು ಯಂತ್ರಕ್ಕೆ ಏರುವ ಮುಂಚಿನ ಒಂದು ಗಂಟೆಯನ್ನು ಈಶ್ವರ್ ಇವರಿಗೆ ಬಿಟ್ಟುಕೊಟ್ಟಿದ್ದಾರೆ. “ಎಲ್ಲಾರೂ ಅದಿರು ಕೊಟ್ಟು ರಿಪೋರ್ಟ್ ತಗೊಂಡು ಹೋಗ್ತಾರ, ನಮ್ಮ ಸುಕನ್ಯಮ್ಮ ಮಾಳಿಗಿ ಗುಡಿಸಿ ತಂದು ಯಂತ್ರಕ್ಕ ಊಟ ಹಾಕ್ತಾಳ” ಎಂದು ಬಂದವರಿಗೆಲ್ಲ ಹೇಳಿ ನಗುತ್ತಾರೆ. ನಗುತ್ತಲೇ ಯಂತ್ರದ ಬೀಗದ ಕೈ ಕೊಡುತ್ತಾರೆ.

ಧೂಳಿನ ಕಾಗದಕ್ಕೆ ಒಂದು ತಕರಾರಿದೆ. ಅದರಲ್ಲಿ ಅದಿರು ಒಂದೇ ಇರುವುದಿಲ್ಲ. ಹೊಲದ ಮಣ್ಣು, ಒಲೆಯ ಬೂದಿ, ಲಾರಿಯ ಹೊಗೆ ಎಲ್ಲ ಕಲೆಸಿಕೊಂಡು ಒಂದೇ ಗೆರೆಯಾಗಿ ಬರುತ್ತವೆ. ಹೊಲದ ಮಣ್ಣಿನಲ್ಲೂ ಕಬ್ಬಿಣ, ಅದಿರಿನಲ್ಲೂ ಕಬ್ಬಿಣ. ಇದರಲ್ಲಿ ಯಾವುದು ಎಲ್ಲಿಯದು ಎಂದು ಬಿಡಿಸುವುದು ಹೇಗೆ? ಕೇಳಿದರೆ ಸುಕನ್ಯಾ ಪುಸ್ತಕ ತೆಗೆಯುವುದಿಲ್ಲ, ಬಸ್‌ಸ್ಟ್ಯಾಂಡಿಗೆ ಕರೆದೊಯ್ಯುತ್ತಾರೆ.

“ಹೊಸಪೇಟಿ ಬಸ್‌ಸ್ಟ್ಯಾಂಡಿನ್ಯಾಗ ಮುಂಜಾನಿ ಕಣ್ಣು ಮುಚ್ಚಿ ನಿಂದ್ರಿ. ಕಂಪ್ಲಿ ಕಂಪ್ಲಿ ಅಂತ ಒಬ್ಬ ಒದರ್ತಾನ, ಸಂಡೂರ್ ಸಂಡೂರ್ ಅಂತ ಒಬ್ಬ, ಹಂಪಿ ಅಂತ ಮತ್ತೊಬ್ಬ. ಚಾದಂಗಡಿ ಹತ್ರ ಕಂಪ್ಲಿಯಂವಂದು ಜೋರು. ಬಾಳಿಹಣ್ಣಿನ ಬಂಡಿ ಹತ್ರ ಹೋದ್ರ ಸಂಡೂರಿನಂವಂದು ಜೋರು. ಹಿಂಗ ಬ್ಯಾರೆ ಬ್ಯಾರೆ ಕಡಿ ನಿಂತು ಕೇಳಿದ್ರ, ಯಾರ ಮಾರೀನೂ ನೋಡಲಾರದ ಒಬ್ಬೊಬ್ಬನ ದನಿ ಬಿಡಿಸಬಹುದು. ಧೂಳೂ ಹಂಗ್ರಿ. ಎಲ್ಲಾ ಕೂಡಿ ಒಮ್ಮೆಲೆ ಒದರ್ತಾವ. ನಾನು ಭಾಳ ಮಾಳಿಗಿ ಮ್ಯಾಲೆ ನಿಂತು ಕೇಳ್ತೀನಿ, ಅಷ್ಟ.”

ಕೇಳುವ ಕೆಲಸಕ್ಕೆ ಕಂಪ್ಯೂಟರು ಬೇಕು, ಲೆಕ್ಕ ಬೇಕು. ಎಂಎಸ್ಸಿ ಓದುವಾಗ ಒಂದೇ ಗಾಜಿನ ಲೋಟದಲ್ಲಿ ಕಲೆಸಿದ ಮೂರು ಬಣ್ಣಗಳ ಗೆರೆಗಳನ್ನು ಬೇರ್ಪಡಿಸುವುದನ್ನು ಕಲಿತಿದ್ದರು. ಅದೇ ವಿದ್ಯೆ ಇಲ್ಲಿಗೆ ಬಂದಿದೆ. ಯಾವುವು ಕೂಡಿ ಏರುತ್ತವೆ, ಯಾವುವು ಕೂಡಿ ಇಳಿಯುತ್ತವೆ ಎಂದು ಲೆಕ್ಕ ಹುಡುಕುತ್ತದೆ. ಅದಿರಿನ ಕಬ್ಬಿಣ ತನ್ನ ಜೊತೆಗೆ ಚೂರು ಮ್ಯಾಂಗನೀಸನ್ನು ಕರೆದುಕೊಂಡು ಓಡಾಡುತ್ತದೆ. ಹೊಲದ ಮಣ್ಣಿನ ಕಬ್ಬಿಣಕ್ಕೆ ಮರಳು, ಟೈಟಾನಿಯಂಗಳ ಸಹವಾಸ. ಬೂದಿಗೆ ಪೊಟ್ಯಾಸಿಯಂ. ಸಹವಾಸ ಗೊತ್ತಾದರೆ ಮನೆ ಗೊತ್ತಾಯಿತು. ಕಲೆಸಿಹೋದ ಒಂದು ಗೆರೆಯಿಂದ ಮೂರು ನಾಲ್ಕು ಗೆರೆಗಳು ಹೊರಬಂದು ತೆರೆಯ ಮೇಲೆ ಬೇರೆ ಬೇರೆ ನಿಂತಾಗ ಸುಕನ್ಯಾ ಅವರ ಮುಖ ನೋಡಬೇಕು. ಹಂಪಿಯ ಕಲ್ಲುಗಳಿಗೆಲ್ಲ ಜೀವ ಬಂದು ಎದ್ದು ಕೈಮುಗಿದರೂ ಅಷ್ಟು ಹಿಗ್ಗಲಿಕ್ಕಿಲ್ಲ.

ಆದರೆ ಈ ಹುಚ್ಚು ಹಿಗ್ಗಿನಿಂದ ಹುಟ್ಟಿದ್ದಲ್ಲ. ಅಪ್ಪನ ಕೆಮ್ಮಿನಿಂದ ಹುಟ್ಟಿದ್ದು.

ಅಪ್ಪ ತಾಯಪ್ಪ, ಬಂಡ್ರಿಯ ಲಾರಿ ರಸ್ತೆಯ ತಿರುವಿನಲ್ಲಿ ಪಂಕ್ಚರ್ ಅಂಗಡಿ ಇಟ್ಟವರು. ಕಣ್ಣು ಕಟ್ಟಿ ಬಿಟ್ಟರೂ ಟೈರಿಗೆ ಕಿವಿ ಹಚ್ಚಿ ಮೊಳೆ ಎಲ್ಲಿದೆ ಎಂದು ಹೇಳುತ್ತಿದ್ದರಂತೆ. ಮಗಳನ್ನು ಎಂಎಸ್ಸಿ ತನಕ ಓದಿಸಿದ್ದೂ ಪಂಕ್ಚರ್‌ಗಳೇ. “ನನ್ನ ಮಗಳು ಓದಿದ್ದು ಮೊಳಿ ಪುಣ್ಯಾಲೆ” ಎಂದು ಡ್ರೈವರುಗಳಿಗೆ ಹೇಳಿ ಚಾ ಕುಡಿಸುತ್ತಿದ್ದರು. ಲಾರಿಗಳನ್ನು ಊರೆಲ್ಲ ಬೈದರೂ ತಾಯಪ್ಪ ಬೈದವರಲ್ಲ. ತಿರುವಿನಲ್ಲಿ ಪ್ರತಿ ಲಾರಿಯೂ ಕುಲುಕಿ ಒಂದಿಷ್ಟು ಅದಿರು ಪುಡಿ ಚೆಲ್ಲಿ ಹೋಗುತ್ತಿತ್ತು. ಆ ಪುಡಿಯ ನಡುವೆ ಕೂತು ವರ್ಷಗಟ್ಟಲೆ ದುಡಿದರು. ಮೊದಲು ಕೆಮ್ಮು ಬಂತು, ಆಮೇಲೆ ಏದುಸಿರು. ಕೊನೆಗೆ ಹೊಸಪೇಟೆಯ ಡಾಕ್ಟರು ಎದೆಯ ಚಿತ್ರ ನೋಡಿ, ಧೂಳಿನಿಂದ ದೂರ ಇರಿಸಿ ಎಂದರು. ಅಂಗಡಿಯ ಬಾಗಿಲು ಮುಚ್ಚಿತು. ತಾಯಪ್ಪ ಮನೆಯ ಒಳಕೋಣೆಯ ಮಂಚ ಹಿಡಿದರು.

ಆ ಕೋಣೆಗೆ ಧೂಳು ಎಷ್ಟು ಬರುತ್ತದೆ, ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಿತ್ತು ಮಗಳಿಗೆ. ತಿಳಿದರೆ ತಡೆಯಬಹುದು, ತಡೆದರೆ ಅಪ್ಪ ಉಳಿಯಬಹುದು. ಊರ ಮಾಳಿಗೆಗಳ ಮೇಲೆ ಕಾಗದ ಇಟ್ಟದ್ದು ಅದಕ್ಕೆ. ಮನೆಯೊಳಗೆ ಇಟ್ಟದ್ದು ಒಂದೇ ಒಂದು, ಅಪ್ಪನ ಮಂಚದ ಮೇಲಿನ ಗೂಡಿನಲ್ಲಿ.

ತಾಯಿ ಚೆನ್ನಬಸಮ್ಮ ತಮ್ಮದೇ ದಾರಿಯಲ್ಲಿ ಧೂಳಿನ ಮೇಲೆ ಯುದ್ಧ ಸಾರಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳು ಹಬ್ಬ ಹುಣ್ಣಿಮೆಗೆ ಮಣ್ಣಿನ ಗೋಡೆಗೆ ಕೆಮ್ಮಣ್ಣು ಸಾರಿಸುತ್ತಾರೆ. ಧೂಳು ಅಡಗುತ್ತದೆ, ಮನೆ ತಂಪಿರುತ್ತದೆ, ಲಕ್ಷಣವಾಗಿಯೂ ಕಾಣುತ್ತದೆ. ಚೆನ್ನಬಸಮ್ಮ ಹಬ್ಬಕ್ಕೆ ಕಾಯಲಿಲ್ಲ. ಗಂಡನ ಕೆಮ್ಮು ಜೋರಾದಾಗೆಲ್ಲ ಬಕೆಟ್ಟು ಹಿಡಿದರು. ಅವರ ಗೋಡೆಯ ಕೆಂಪಿನ ಮುಂದೆ ಮುಳುಗುವ ಸೂರ್ಯನೂ ನಾಚಿ ಬೇಗ ಮನೆಗೆ ಹೋಗುತ್ತಿದ್ದ ಎಂದರೆ ನಂಬಬೇಕು. ತಾಯಪ್ಪ ಆ ಗೋಡೆಗೆ ಬೆನ್ನು ಒರಗಿಸಿಕೊಂಡೇ ಕೂರುತ್ತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಿಳಿ ಬನಿಯನ್ನಿನ ಬೆನ್ನು ದಿನಾ ಕೆಂಪಾಗುತ್ತಿತ್ತು. ಚೆನ್ನಬಸಮ್ಮ ಅದನ್ನು ಕುಕ್ಕಿ ಕುಕ್ಕಿ ಒಗೆಯುತ್ತ ಲಾರಿಗಳ ವಂಶವನ್ನೆಲ್ಲ ಬೈಯುತ್ತಿದ್ದರು.

“ನಾನೂ ಅವ್ವಗ ಶಾಭಾಸ್ ಅಂತಿದ್ದೆ” ಎನ್ನುತ್ತಾರೆ ಸುಕನ್ಯಾ. “ಸಾರಿಸವ್ವ, ಧೂಳು ಏಳಂಗಿಲ್ಲ ಅಂತಿದ್ದೆ. ದಿನಾ ಅದಿರು ನೋಡೋ ಕಣ್ಣಿವು. ನಮ್ಮ ಮನಿ ಗ್ವಾಡಿ ಮಾತ್ರ ನೋಡಲಿಲ್ಲ.”

ಹೋದ ವರ್ಷ ಉಗಾದಿಯ ಮುಂಚೆ ಲಾರಿಯವರು ಮುಷ್ಕರ ಹೂಡಿದರು. ರಸ್ತೆ ಭಣಭಣ ಎಂದಿತು. ಊರವರು ಕಿವಿಯಲ್ಲಿ ಬೆರಳು ಹಾಕಿ ಅಲ್ಲಾಡಿಸಿ, ಕಿವುಡು ಬಂದಿಲ್ಲ ತಾನೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. “ಲಾರಿ ಸಪ್ಪಳ ಇಲ್ಲದ ನಿದ್ದೀನ ಬರವಲ್ದು” ಎಂದು ತಾಯಪ್ಪ ನಕ್ಕರು. ಆ ನಗೆ ಕೆಮ್ಮಾಗಿ, ಕೆಮ್ಮು ನಿಲ್ಲದೆ, ಚೆನ್ನಬಸಮ್ಮ ಎದೆ ನೀವುತ್ತ ಕೂತರು. ಈಗ ಧೂಳಿಲ್ಲ, ಇನ್ನು ಆರಾಮಾಗುತ್ತಾರೆ ಎಂದುಕೊಂಡರು ಮಗಳು. ಹಬ್ಬಕ್ಕೆಂದು ಚೆನ್ನಬಸಮ್ಮ ಮತ್ತೊಮ್ಮೆ ಗೋಡೆ ಸಾರಿಸಿದರು. ಹಬ್ಬ ಮುಗಿದ ಕೆಲವೇ ದಿನಕ್ಕೆ, ಒಂದು ಮಧ್ಯಾಹ್ನ, ಅಂಬಲಿ ಕುಡಿದ ಬಟ್ಟಲು ತೊಡೆಯ ಮೇಲಿರುವಾಗಲೇ, ಅದೇ ಗೋಡೆಗೆ ಒರಗಿದ ತಾಯಪ್ಪ ಮತ್ತೆ ಏಳಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಸುಕನ್ಯಾ ಕೆಲಸಕ್ಕೆ ಮರಳಿದರು. ಮುಷ್ಕರದ ವಾರಗಳ ಕಾಗದಗಳು ಡಬ್ಬಿಯಲ್ಲೇ ಉಳಿದಿದ್ದವು. ಯಂತ್ರಕ್ಕೆ ಕೊಟ್ಟರು, ಗೆರೆಗಳನ್ನು ಬಿಡಿಸಿದರು. ಊರ ಮಾಳಿಗೆಗಳ ಮೇಲೆಲ್ಲ ಅದಿರಿನ ಗೆರೆ ನೆಲಕ್ಕೆ ಬಿದ್ದಿತ್ತು. ಲಾರಿ ಇಲ್ಲ, ಅದಿರಿಲ್ಲ, ಸರಿಯೇ. ಅಪ್ಪನ ಮಂಚದ ಮೇಲಿನ ಕಾಗದದಲ್ಲಿ ಮಾತ್ರ ಅದು ಇಳಿದಿರಲಿಲ್ಲ. ಏರಿತ್ತು.

ಕಾಗದ ಅದಲು ಬದಲಾಗಿರಬೇಕು ಎಂದುಕೊಂಡರು. ಚಿಮಟ ತೊಳೆದರು, ಬಿಲ್ಲೆಯ ತಟ್ಟೆ ಒರೆಸಿದರು, ಮತ್ತೆ ಮಾಡಿದರು. ಅದೇ ಗೆರೆ. ಗುಡ್ಡದ ಕೆಮ್ಮಣ್ಣಾಗಿದ್ದರೆ ಮರಳು, ಟೈಟಾನಿಯಂ ಜೊತೆಗಿರಬೇಕಿತ್ತು. ಇರಲಿಲ್ಲ. ಮ್ಯಾಂಗನೀಸು ಕೈಹಿಡಿದು ಬಂದಿತ್ತು. ಲಾರಿಯಲ್ಲಿ ಹೋಗುವ ಅದಿರೇ ಇದು.

“ಸರ್, ಲಾರಿ ನಿಂತಾಗ ಮನಿಯಾಗ ಅದಿರು ಎಲ್ಲಿಂದ ಬರ್ತದ್ರಿ?” ಎಂದು ಈಶ್ವರ್ ಅವರನ್ನು ಕೇಳಿದರು.

“ಯಾಕಮ್ಮಾ, ಮನಿಯಾಗ ಯಾರಿಗೂ ಗೊತ್ತಿಲ್ಲದಂಗ ಗಣಿ ತೋಡೀರೇನು?” ಈಶ್ವರ್ ಎಂದಿನಂತೆ ನಗೆಯಾಡಿದರು. ಸುಕನ್ಯಾ ಕೂಡ ನಕ್ಕರು. ಬಸ್ಸು ಸಂಡೂರು ದಾಟುವ ಹೊತ್ತಿಗೆ ಆ ನಗೆ ಮುಖದ ಮೇಲಿರಲಿಲ್ಲ.

ಮನೆಗೆ ಹೋದಾಗ ಚೆನ್ನಬಸಮ್ಮ ಬಕೆಟ್ಟಿನಲ್ಲಿ ಕೆಂಪು ಕಲೆಸುತ್ತ ಕೂತಿದ್ದರು. ಮರುದಿನ ನೆಂಟರು ಬರುವವರಿದ್ದರು. ಸುಕನ್ಯಾ ಬುಟ್ಟಿಯ ಒಣಪುಡಿಯನ್ನು ಬೊಗಸೆಯಲ್ಲಿ ಎತ್ತಿಕೊಂಡರು. ಕೈ ಕೆಳಗೆ ಜಗ್ಗಿತು. ಮಣ್ಣು ಇಷ್ಟು ತೂಕ ಇರುವುದಿಲ್ಲ.

“ಅವ್ವಾ, ಈ ಕೆಮ್ಮಣ್ಣು ಎಲ್ಲಿಂದ ತರ್ತಿ?”

“ಎಲ್ಲಿಂದ ತರ್ಲಿ? ನಮ್ಮ ಅಂಗಡಿ ಮುಂದ, ತಿರುವಿನ್ಯಾಗ. ಲಾರಿಯವರು ಚೆಲ್ಲಿ ಹೋಗ್ತಾರಲ್ಲ, ದಿನಾ ಗುಡಿಸಿ ಗುಡಿಸಿ ಚೆಲ್ಲೋದು ಯಾಕಂತ ಚೀಲಕ್ಕ ತುಂಬಿಟ್ಟೀನಿ. ಗುಡ್ಡದ ಕೆಮ್ಮಣ್ಣು ಇದರ ಕಾಲಾಗ ನುಸುಳಬೇಕು. ಉಗಾದಿಗೆ ಬಂದ ನೆಂಟರು ಬಾಯಿ ತಕ್ಕೊಂಡು ನಿಂತಿದ್ರು ನೋಡ್ಲಿಲ್ಲೇನು?”

ಹಟ್ಟಿಯ ಸಗಣಿ, ಹಳ್ಳದ ಜೇಡಿ ಬೆರೆತ ಹಳೆಯ ಸಾರಣೆ ಗೋಡೆಗೆ ಕಚ್ಚಿ ಹಿಡಿಯುತ್ತದೆ. ಅದಿರಿನ ಪುಡಿಗೆ ಆ ಗುಣವಿಲ್ಲ. ಒಣಗಿದ ಮೇಲೆ ಉದುರುತ್ತದೆ, ಬೆನ್ನು ತಾಗಿದರೆ ಏಳುತ್ತದೆ. ಕೆಮ್ಮಿದಷ್ಟೂ ಬೆನ್ನು ಗೋಡೆಗೆ ಉಜ್ಜುತ್ತದೆ, ಉಜ್ಜಿದಷ್ಟೂ ಪುಡಿ ಏಳುತ್ತದೆ, ಎದ್ದಷ್ಟೂ ಕೆಮ್ಮು. ಕೆಮ್ಮು ಕೇಳಿ ಚೆನ್ನಬಸಮ್ಮ ಮತ್ತೆ ಬಕೆಟ್ಟು ಹಿಡಿಯುತ್ತಾರೆ.

ಸುಕನ್ಯಾ ಅವತ್ತು ಏನೂ ಹೇಳಲಿಲ್ಲ. ಯಾರಿಗೆ ತಾನೇ ಹೇಳಲು ಬಾಯಿ ಬರುತ್ತದೆ? ಗೋಡೆಗೆ ಸುಣ್ಣ ಬಳಿಯೋಣವ್ವ ಎಂದಷ್ಟೇ ಅಂದರು. ಚೆನ್ನಬಸಮ್ಮ ಒಪ್ಪಲಿಲ್ಲ. “ಬಿಳೇ ಗ್ವಾಡಿ ಅಂದ್ರ ದವಾಖಾನಿ ಇದ್ದಂಗ. ನಿಮ್ಮಪ್ಪ ಈ ಕೆಂಪು ನೋಡಿ ನೋಡಿ ಜೀವ ಹಿಡಕೊಂಡಿದ್ದ. ಬ್ಯಾಡ.” ತಾವೂ ಅದೇ ಗೋಡೆಯ ಪಕ್ಕ, ಅದೇ ಮಂಚದ ಮೇಲೆ ಮಲಗತೊಡಗಿದರು. ಒಂದು ತಿಂಗಳು ಕಳೆಯುವುದರೊಳಗೆ ಅವರೂ ಕೆಮ್ಮತೊಡಗಿದರು.

ಹೇಳಿದರೆ ತಾಯಿಯ ಮನಸ್ಸು ಉಳಿಯುವುದಿಲ್ಲ, ಹೇಳದಿದ್ದರೆ ತಾಯಿಯೇ ಉಳಿಯುವುದಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಯಂತ್ರದ ಮುಂದೆ ಕೂತು, ಸುಕನ್ಯಾ ಇದೊಂದನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಒಂದು ಮುಂಜಾನೆ, ಚೆನ್ನಬಸಮ್ಮ ರೊಟ್ಟಿ ಬಡಿಯುತ್ತಿರುವಾಗ, ಪಕ್ಕದಲ್ಲಿ ಕೂತು ಎಲ್ಲ ಹೇಳಿದರು.

ಚೆನ್ನಬಸಮ್ಮ ಕೈಯಲ್ಲಿದ್ದ ರೊಟ್ಟಿ ಬಡಿದು ಮುಗಿಸಿದರು. ಹಂಚಿಗೆ ಹಾಕಿದರು. ನೀರು ಸವರಿದರು. ತಿರುವಿ ಹಾಕಿದರು. ಬೆಂದ ರೊಟ್ಟಿಯನ್ನು ಬುಟ್ಟಿಗಿಟ್ಟ ಮೇಲೆ ಕೇಳಿದರು:

“ಅದರಾಗ ನಂದೆಷ್ಟು, ಲಾರಿದೆಷ್ಟು?”

ಸುಕನ್ಯಾ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆದರು.

“ನೀನು ಬ್ಯಾರೆ ಮಾಡಾಕಿ ಅಲ್ಲೇನು? ಊರ ಮಂದಿ ಧೂಳೆಲ್ಲಾ ಬ್ಯಾರೆ ಮಾಡ್ತಿ. ನಿಮ್ಮಪ್ಪನ ಎದಿಯಾಗಿಂದು ಬ್ಯಾರೆ ಮಾಡಿ ಹೇಳು.”

“ಆಗಂಗಿಲ್ಲವ್ವ. ಎರಡೂ ಒಂದ ಅದಿರು. ಒಂದ ದನಿ. ಗಾಳಿಲೆ ಬಂದಿದ್ಯಾವ್ದು, ಗ್ವಾಡಿಲೆ ಬಂದಿದ್ಯಾವ್ದು ಅಂತ ಲೆಕ್ಕಕ್ಕ ಗೊತ್ತಾಗಂಗಿಲ್ಲ.”

ಇದು ತಾಯಿಯ ಮುಖ ನೋಡಿ ಹೇಳಿದ ಸುಳ್ಳಲ್ಲ. ಇಡೀ ವಿದ್ಯೆ ನಿಂತಿರುವುದೇ ಎರಡು ದನಿಗಳ ನಡುವಿನ ವ್ಯತ್ಯಾಸದ ಮೇಲೆ. ಲಾರಿಯ ಹಿಂದೆ ಗಾಳಿಗೆ ಎದ್ದ ಪುಡಿ, ಲಾರಿಯಿಂದ ನೆಲಕ್ಕೆ ಬಿದ್ದು ಬುಟ್ಟಿ ಸೇರಿ ಗೋಡೆಗೇರಿದ ಪುಡಿ, ಎರಡೂ ಒಂದೇ ಗಣಿಯ ಮಕ್ಕಳು. ಮುಷ್ಕರದ ವಾರಗಳ ಕೆಂಪು ಗೋಡೆಯದೇ, ಅನುಮಾನವಿಲ್ಲ. ಅದಕ್ಕೂ ಮುಂಚಿನದು? ತಿರುವಿನಲ್ಲಿ ಟೈರು ಬಿಚ್ಚುತ್ತ ಕೂತ ವರ್ಷಗಳದ್ದು? ಆಗ ಯಾರೂ ಕಾಗದ ಇಟ್ಟಿರಲಿಲ್ಲ.

ಆ ದಿನವೇ ತಾಯಿ ಮಗಳು ಗೋಡೆಗೆ ನೀರು ಹೊಡೆದು ಕೆಂಪು ತೊಳೆದರು. ಹಿತ್ತಲಿನ ತನಕ ಕೆಂಪು ನೀರು ಹರಿಯಿತು. ಮೇಲೆ ಸುಣ್ಣ ಬಿತ್ತು. ಚೆನ್ನಬಸಮ್ಮನವರ ಕೆಮ್ಮು ಈಗ ಬಹುಪಾಲು ಇಳಿದಿದೆ. ಅಳು ಬರಲಿಲ್ಲ ಅವರಿಗೆ. ಬಂದಿದ್ದರೆ ಒಳ್ಳೆಯದಿತ್ತು ಎನ್ನುತ್ತಾರೆ ಮಗಳು.

ಬದಲಿಗೆ ತಾಯಿ ತಿರುವಿಗೆ ಹೋದರು. ಚೆನ್ನಬಸಮ್ಮನ ಗೋಡೆ ನೋಡಿ ಆಸೆಪಟ್ಟು ಊರಿನ ಎಷ್ಟೋ ಹೆಣ್ಣುಮಕ್ಕಳು ಅದೇ ಪುಡಿ ಬಳಿಯಲು ಶುರುಮಾಡಿದ್ದರು. ಮುಚ್ಚಿದ ಪಂಕ್ಚರ್ ಅಂಗಡಿಯ ಕಟ್ಟೆಯ ಮೇಲೆ, ಮೂಗಿಗೆ ಸೆರಗು ಕಟ್ಟಿಕೊಂಡು, ಬೆಳಗಿನ ಹೊತ್ತು ಚೆನ್ನಬಸಮ್ಮ ಕಾಯುತ್ತಾರೆ. ಬುಟ್ಟಿ ಹಿಡಿದು ಬಂದವರನ್ನು ತಡೆಯುತ್ತಾರೆ. ಇವತ್ತು ಬಂದವರು ಮೇಲಿನ ಓಣಿಯ ಕೊಟ್ರಮ್ಮ, ಬಾಯಿಗೆ ಬೀಗವಿಲ್ಲದ ಹೆಂಗಸು.

“ಕೊಟ್ರಮ್ಮಾ, ಚೆಲ್ಲು ಅದನ್ನ.”

“ಯಾಕಬೇ? ನಿನ್ನ ಗ್ವಾಡಿಗಿಂತ ನನ್ನ ಗ್ವಾಡಿ ಕೆಂಪಾಕ್ಕತಿ ಅಂತ ಹೊಟ್ಟಿಕಿಚ್ಚೇನು?”

“ಕೆಂಪಾಕ್ಕತಿ. ನಾನೂ ಹಂಗ ಬಳದೆ. ನಮ್ಮ ಮನಿಯವರ ಜೀವ ನಾನ ತಗದೆ. ಚೆಲ್ಲು.”

ಕೊಟ್ರಮ್ಮ ಬುಟ್ಟಿ ಬೋರಲು ಹಾಕುತ್ತಾರೆ.

ಈ ಕಥೆ ಪತ್ರಿಕೆಗೆ ಬೇಡ ಎಂದು ಸುಕನ್ಯಾ ಮೊದಲು ಹೇಳಿದ್ದರು. ಬೇಕು ಎಂದವರು ಚೆನ್ನಬಸಮ್ಮ. “ಬರೀಲಿ ಬಿಡು. ಚೋರನೂರಿನ್ಯಾಗೂ ಬಳೀತಾರಂತ. ಅಲ್ಲಿತನ ನಾನು ನಡಕೊಂಡು ಹೋಗಾಕಾಗಂಗಿಲ್ಲ.”

ಸುಕನ್ಯಾ ಈಗ ಹೊಸದೊಂದು ಹುಡುಕಾಟಕ್ಕೆ ಬಿದ್ದಿದ್ದಾರೆ. ತಿರುವಿನಲ್ಲಿ ಬಿದ್ದ ಪುಡಿಯ ಮೇಲೆ ಲಾರಿಗಳು ಹಾಯುತ್ತವೆ. ಅದಕ್ಕೆ ಡಾಂಬರು, ಟೈರಿನ ರಬ್ಬರು, ಎಣ್ಣೆ ಕೂದಲೆಳೆಯಷ್ಟು ಅಂಟಿರಬಹುದು. ಗಾಳಿಗೆ ನೇರ ಎದ್ದದ್ದಕ್ಕೆ ಅಷ್ಟು ಅಂಟಿರಲಿಕ್ಕಿಲ್ಲ. ಒಂದೇ ದನಿಯಂತೆ ಕೇಳುವ ಎರಡು ದನಿಗಳಲ್ಲಿ ಅಷ್ಟು ಸಣ್ಣ ಒಡಕು ಸಿಕ್ಕರೂ ಸಾಕು, ಅಪ್ಪನ ಮಂಚದ ಹಳೆಯ ಕಾಗದಗಳನ್ನು ಮತ್ತೊಮ್ಮೆ ಬಿಡಿಸಬಹುದು. ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಈಶ್ವರ್ ಅವರ ಯಂತ್ರಕ್ಕೆ ಇಂಥ ಪಿಸುಮಾತು ಕೇಳುವ ಕಿವಿ ಇಲ್ಲವೆಂದೇ ಸುಕನ್ಯಾ ಅವರಿಗೂ ಅನುಮಾನ. ಆದರೂ ಬೆಳಗಿನ ಒಂದು ಗಂಟೆ ಅದಕ್ಕೇ ಮೀಸಲು.

ಯಾಕಿಷ್ಟು ಹಟ ಎಂದರೆ ಸುಕನ್ಯಾ ಚಿಮಟ ಕೆಳಗಿಡುತ್ತಾರೆ.

“ನಾನು ರಿಪೋರ್ಟ್ ಹಿಡಕೊಂಡು ಹೇಳಿದ್ದು ಊರಾಗ ಒಬ್ರೂ ಕೇಳಲಿಲ್ಲ. ಅವ್ವ ಹೇಳಿದ್ರ ಬುಟ್ಟಿ ಚೆಲ್ಲತಾರ. ಚಲೋ ಆತು. ಆದ್ರ ಅಕಿ ಹೇಳೂ ಮುಂದ ಎಲ್ಲಾ ನನ್ನಿಂದ ಆತು ಅಂತಾಳ್ರಿ. ಲಾರಿ ಹೆಸರ ತಗಿಯಂಗಿಲ್ಲ. ಗಣಿ ಹೆಸರ ತಗಿಯಂಗಿಲ್ಲ. ಬಂದವರ ಮುಂದೆಲ್ಲಾ ಅಷ್ಟೂ ತನ್ನ ಮ್ಯಾಲೆ ಹಾಕ್ಕೊಂತಾಳ. ನನಗ ಮತ್ತೇನೂ ಬ್ಯಾಡ್ರಿ. ಇದ್ರಾಗ ನಿಂದು ಇಷ್ಟವ್ವಾ ಅಂತ ಅಕಿಗೆ ಹೇಳಬೇಕು. ಅಷ್ಟ ಹೊರಲಿ. ಲಾರಿಯಾಗಿಂದು ಅಕಿ ಯಾಕ ಹೊರಬೇಕು?”